ಬೆಳಗಾವಿಯಿಂದ ದುಬೈಗೆ ಐದು ಮುದ್ರೆ: ಡಿಗ್ರಿ ಅಟೆಸ್ಟೇಶನ್ ಸೇವೆ ಕೊಟ್ಟ ದುಡ್ಡಿಗೆ ತಕ್ಕದ್ದೇ?

ದುಬೈ, ಅಬುಧಾಬಿ ಕಂಪನಿಯ ಆಫರ್ ಲೆಟರ್‌ಗೆ ಸಹಿ ಹಾಕಿದ ಮೇಲೆ ಅಲ್ಲಿನ ಪಿಆರ್‌ಒ, ಅಂದರೆ ಕಂಪನಿಯ ಸರ್ಕಾರಿ ಕಾಗದಪತ್ರ ನೋಡಿಕೊಳ್ಳುವವರು, ಕೇಳುವ ಮೊದಲ ಕಾಗದ ಪಾಸ್‌ಪೋರ್ಟ್ ಪ್ರತಿ. ಎರಡನೆಯದು 'ಅಟೆಸ್ಟೆಡ್ ಡಿಗ್ರಿ', ಅಂದರೆ ಒಂದರ ಮೇಲೊಂದು ಕಚೇರಿ ಮುದ್ರೆ ಹಾಕಿ ದೃಢೀಕರಿಸಿದ ಪದವಿ ಪ್ರಮಾಣಪತ್ರ. ಮೊದಲನೆಯದನ್ನು ಫೋನಿನಲ್ಲಿ ಫೋಟೊ ಹೊಡೆದು ಐದು ನಿಮಿಷದಲ್ಲಿ ಕಳಿಸಬಹುದು. ಎರಡನೆಯದಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂದು ಮೂರು ಏಜೆನ್ಸಿಗಳನ್ನು ಕೇಳಿದರೆ ಮೂರು ಉತ್ತರ ಬರುತ್ತವೆ. ಮೂವರೂ ಹೇಳುವ ದರದಲ್ಲಿ ಒಂದಕ್ಕೆ ಎರಡರಷ್ಟು ವ್ಯತ್ಯಾಸ. ಯುಎಇಗೆ ಹೊರಟ ಕರ್ನಾಟಕದ ಪದವೀಧರರಿಗೆ ಈ ಏಜೆನ್ಸಿಗಳು ಮಾರುವ 'ಎಲ್ಲಾ ನಾವೇ ನೋಡ್ಕೋತೀವಿ' ಪ್ಯಾಕೇಜನ್ನು ಬಿಚ್ಚಿ, ಒಳಗೆ ಏನಿದೆ, ಎಷ್ಟಕ್ಕೆ ದುಡ್ಡು ಕೊಡಬಹುದು, ಎಷ್ಟಕ್ಕೆ ಕೊಡಬಾರದು ಎಂದು ನೋಡುವುದು ಈ ವಿಮರ್ಶೆಯ ಕೆಲಸ.

ತೀರ್ಪು ಮೊದಲೇ: ಎಂಇಎ (ಭಾರತದ ವಿದೇಶಾಂಗ ಸಚಿವಾಲಯ) ಮತ್ತು ಎಂಬಸಿ (ಯುಎಇ ರಾಯಭಾರ ಕಚೇರಿ) ಹಂತಕ್ಕೆ ಏಜೆನ್ಸಿ ಹಿಡಿಯುವುದು ಸರಿಯಾದ ಖರ್ಚು. ವಿಶ್ವವಿದ್ಯಾಲಯದ ಹಂತವನ್ನು ಸಾಧ್ಯವಿದ್ದವರು ತಾವೇ ಮಾಡಿಸಿಕೊಳ್ಳಬೇಕು. ಕೊನೆಯ ಮುದ್ರೆಯನ್ನು ಇಲ್ಲಿಂದ ಮಾಡಿಸುವ ಅಗತ್ಯ ಬಹುಮಟ್ಟಿಗೆ ಇಲ್ಲ. ಹಾಗಾಗಿ ಪ್ಯಾಕೇಜ್ ಒಟ್ಟಾರೆ ಐದಕ್ಕೆ ಮೂರು ಅಂಕದ ಸರಕು, ಅದೂ ಹಂತ ಹಂತಕ್ಕೆ ರಸೀದಿ ಕೊಡುವವರು ಸಿಕ್ಕಿದರೆ.

ಐದು ಮುದ್ರೆ ಯಾವುವು? ಪದವಿ ಕೊಟ್ಟ ವಿಶ್ವವಿದ್ಯಾಲಯದ್ದು ಮೊದಲನೆಯದು. ಆಮೇಲೆ ರಾಜ್ಯ ಸರ್ಕಾರದ ಉನ್ನತ ಶಿಕ್ಷಣ ಇಲಾಖೆಯದು. ಏಜೆನ್ಸಿಯವರು ಇದನ್ನು ಇವತ್ತಿಗೂ 'ಹೆಚ್‌ಆರ್‌ಡಿ' ಎನ್ನುತ್ತಾರೆ. ಮೂರನೆಯದು ಭಾರತದ ವಿದೇಶಾಂಗ ಸಚಿವಾಲಯ, ಅಂದರೆ ಎಂಇಎ. ನಾಲ್ಕನೆಯದು ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿ. ಐದನೆಯದು ಯುಎಇಯ ವಿದೇಶಾಂಗ ಸಚಿವಾಲಯ, ಆಡುಮಾತಿನಲ್ಲಿ 'ಮೋಫಾ'. ಇವುಗಳಲ್ಲಿ ಅಭ್ಯರ್ಥಿ ನಿಜಕ್ಕೂ ಪಾಸಾಗಿದ್ದಾನೋ ಇಲ್ಲವೋ ಎಂದು ರಿಜಿಸ್ಟರ್ ತೆಗೆದು ನೋಡುವುದು ವಿಶ್ವವಿದ್ಯಾಲಯ ಮಾತ್ರ. ಅಲ್ಲಿಂದ ಮುಂದೆ ಪ್ರತಿ ಕಚೇರಿ ನೋಡುವುದು ತನಗಿಂತ ಹಿಂದಿನ ಕಚೇರಿಯ ಸಹಿಯನ್ನು. ತಮ್ಮಲ್ಲಿರುವ ಮಾದರಿ ಸಹಿಗೆ ಅದು ಹೊಂದಿದರೆ ಮುದ್ರೆ, ಹೊಂದದಿದ್ದರೆ ವಾಪಸ್. ಇದೊಂದನ್ನು ತಲೆಯಲ್ಲಿಟ್ಟುಕೊಂಡರೆ ಸಮಯ ಎಲ್ಲಿ ಹೋಗುತ್ತದೆ, ಕಾಗದ ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದು ತಾನಾಗಿ ಅರ್ಥವಾಗುತ್ತದೆ. ಎಂಇಎಯಲ್ಲಿ 'ಎಕ್ಸ್‌ಪ್ರೆಸ್' ಮಾಡಿಸುತ್ತೇವೆ ಎಂದು ಹೆಚ್ಚಿಗೆ ಕೇಳುವ ಏಜೆನ್ಸಿ, ಮೊದಲೇ ವೇಗವಾಗಿ ಸಾಗುವ ಹಂತಕ್ಕೆ ದುಡ್ಡು ಕೇಳುತ್ತಿದೆ ಅಂತಲೂ ಗೊತ್ತಾಗುತ್ತದೆ.

ಇಷ್ಟೆಲ್ಲ ಸುತ್ತಾಟ ಯಾಕೆ, ಅಪೊಸ್ಟಿಲ್ ಸ್ಟಿಕರ್ (ಒಪ್ಪಂದದಲ್ಲಿರುವ ದೇಶಗಳು ಎಂಬಸಿ ಮುದ್ರೆಯಿಲ್ಲದೆ ಒಪ್ಪುವ ದೃಢೀಕರಣ) ಒಂದೇ ಸಾಲದೇ ಎಂದು ಕೇಳುವವರಿದ್ದಾರೆ. ಹೇಗ್ ಅಪೊಸ್ಟಿಲ್ ಒಪ್ಪಂದಕ್ಕೆ ಭಾರತ 2005ರಲ್ಲೇ ಸೇರಿದೆ. ಕೊಲ್ಲಿ ದೇಶಗಳ ಪೈಕಿ ಒಮಾನ್ 2012ರಿಂದ, ಬಹ್ರೇನ್ 2013ರ ಕೊನೆಯಿಂದ, ಸೌದಿ ಅರೇಬಿಯಾ 2022ರ ಡಿಸೆಂಬರ್ 7ರಿಂದ ಅದರೊಳಗಿವೆ. ಯುಎಇ, ಕತಾರ್, ಕುವೈತ್ ಅದರಲ್ಲಿಲ್ಲ. ಹಾಗಾಗಿ ಮಸ್ಕತ್‌ಗೆ ಹೋದ ಗೆಳೆಯ ಅಪೊಸ್ಟಿಲ್ ಒಂದರಲ್ಲೇ ಮುಗಿಸಿದ ಎಂಬ ಮಾತು ನಿಜವೇ ಇರಬಹುದು, ದುಬೈಗೆ ಹೊರಟವರಿಗೆ ಅದರಿಂದ ಪ್ರಯೋಜನವಿಲ್ಲ. ಯುಎಇಗೆ ಎಂಬಸಿ ಮುದ್ರೆ ತಪ್ಪದು. ಏಜೆನ್ಸಿಯ ಫಾರಂನಲ್ಲಿ ದೇಶದ ಹೆಸರು ಬರೆಯುವ ಜಾಗ ಇದೇ ಕಾರಣಕ್ಕೆ ಮುಖ್ಯ. ಅದನ್ನು ಖಾಲಿ ಬಿಟ್ಟು 'ಗಲ್ಫ್' ಎಂದಷ್ಟೇ ಬರೆದುಕೊಳ್ಳುವ ಕೌಂಟರ್‌ನಿಂದ ಎದ್ದು ಬನ್ನಿ.

ಈಗ ವಿಶ್ವವಿದ್ಯಾಲಯ. ಹೆಚ್ಚು ಎಡವಟ್ಟು ಆಗುವುದು ಇಲ್ಲೇ ಆದ್ದರಿಂದ ಸ್ವಲ್ಪ ನಿಧಾನಿಸೋಣ.

ಪ್ರಮಾಣಪತ್ರದ ಮೇಲೆ ಯಾರ ಹೆಸರಿದೆಯೋ ಅವರಲ್ಲಿಗೇ ಹೋಗಬೇಕು, ಕಾಲೇಜು ಈಗ ಯಾರ ಅಧೀನದಲ್ಲಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ವಿಟಿಯು, ಅಂದರೆ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಶುರುವಾದದ್ದು 1998ರಲ್ಲಿ. ಅದಕ್ಕೂ ಮೊದಲು ಎಂಜಿನಿಯರಿಂಗ್ ಸೇರಿದವರ ಪದವಿ ಬೆಂಗಳೂರು, ಮೈಸೂರು, ಮಂಗಳೂರು, ಕುವೆಂಪು, ಗುಲ್ಬರ್ಗ ಅಥವಾ ಕರ್ನಾಟಕ ವಿಶ್ವವಿದ್ಯಾಲಯದ್ದಾಗಿರುತ್ತದೆ. ಇಪ್ಪತ್ತೈದು ವರ್ಷ ಅನುಭವದ ಪ್ರಾಜೆಕ್ಟ್ ಮ್ಯಾನೇಜರ್ ಒಬ್ಬರ ಡಿಗ್ರಿಯನ್ನು ಏಜೆನ್ಸಿ ಹುಡುಗ 'ಬಿ.ಇ. ಅಂದ್ರೆ ವಿಟಿಯು' ಎಂದು ಬೆಳಗಾವಿಗೆ ಕಳಿಸಿದರೆ ಅದು ಹೋದ ಹಾಗೇ ವಾಪಸ್ ಬರುತ್ತದೆ. ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರಾಯಿತು. ವಿಭಜನೆಗೆ ಮೊದಲಿನ ಪದವಿಗಳಿಗೆ ಜ್ಞಾನಭಾರತಿಯೇ ವಿಳಾಸ. ವೈದ್ಯಕೀಯ, ನರ್ಸಿಂಗ್, ಫಾರ್ಮಸಿಯವರಿಗೆ ಬೆಂಗಳೂರಿನ ಜಯನಗರದಲ್ಲಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಅದು ಶುರುವಾಗುವ ಮೊದಲು ಓದಿದವರಾದರೆ ಅವರಿಗೂ ಹಳೆಯ ವಿಶ್ವವಿದ್ಯಾಲಯವೇ. ಪಿಯುಸಿ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೇಳಿದರೆ ಮಲ್ಲೇಶ್ವರದ ಮಂಡಳಿ ಕಚೇರಿ. ಡಿಗ್ರಿ ಇದ್ದವರಿಗೆ ಇವು ಸಾಮಾನ್ಯವಾಗಿ ಬೇಡ. ಬೇಡದ ಕಾಗದಕ್ಕೂ ಮುದ್ರೆ ಹಾಕಿಸಿ ಬಿಲ್ ಉದ್ದ ಮಾಡುವುದು ಈ ವ್ಯಾಪಾರದ ಹಳೆಯ ಚಾಳಿ.

ಒಯ್ಯಬೇಕಾದ್ದು: ಮೂಲ ಘಟಿಕೋತ್ಸವ ಪ್ರಮಾಣಪತ್ರ, ಎಲ್ಲ ಸೆಮಿಸ್ಟರಿನ ಮೂಲ ಅಂಕಪಟ್ಟಿ, ಇವೆರಡರ ಜೆರಾಕ್ಸ್ ಎರಡೆರಡು ಸೆಟ್, ಪಾಸ್‌ಪೋರ್ಟ್‌ನ ಮೊದಲ ಮತ್ತು ಕೊನೆಯ ಪುಟದ ಪ್ರತಿ, ಶುಲ್ಕ ಕಟ್ಟಿದ ರಸೀದಿ. ಬೇರೆಯವರ ಕೈಯಲ್ಲಿ ಕಳಿಸುವುದಾದರೆ ಒಯ್ಯುವವರ ಹೆಸರು, ಗುರುತಿನ ಚೀಟಿ ಸಂಖ್ಯೆ ಬರೆದು ಸಹಿ ಮಾಡಿದ ಅಧಿಕಾರ ಪತ್ರ. ಇದೊಂದು ಕಾಗದ ಇಲ್ಲದೆ ವಾರಗಟ್ಟಲೆ ನಿಂತ ಕಡತಗಳು ಎಷ್ಟೋ. ಅಧಿಕಾರ ಪತ್ರ ಇಲ್ಲದೆ ನಿಂತಿದೆ ಎಂದು ಏಜೆನ್ಸಿ ಹೇಳುವುದಿಲ್ಲ, 'ಯೂನಿವರ್ಸಿಟಿಯಲ್ಲಿ ಪೆಂಡಿಂಗ್ ಸಾರ್' ಎನ್ನುತ್ತದೆ. ವಿಟಿಯು ಆದರೆ ಹತ್ತು ಅಕ್ಷರ-ಅಂಕಿಯ ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ) ಎಲ್ಲ ಅಂಕಪಟ್ಟಿಯಲ್ಲೂ ಒಂದೇ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಸೊನ್ನೆಗೂ ಇಂಗ್ಲಿಷಿನ ಓ ಅಕ್ಷರಕ್ಕೂ ಕಲಸಿಹೋದ ಫಾರಂ ತಿರಸ್ಕಾರವಾಗಲು ಸಾಕು.

ಪಿಡಿಸಿ, ಅಂದರೆ ತಾತ್ಕಾಲಿಕ ಪ್ರಮಾಣಪತ್ರ ಹಿಡಿದು ಹೋಗಬೇಡಿ. ಇಲ್ಲಿ ಅದಕ್ಕೆ ಮುದ್ರೆ ಬಿದ್ದರೂ ಅಲ್ಲಿನ ಪಿಆರ್‌ಒ ಘಟಿಕೋತ್ಸವ ಪ್ರಮಾಣಪತ್ರವನ್ನೇ ಕೇಳುತ್ತಾರೆ, ಕಟ್ಟಿದ ದುಡ್ಡು ಪೂರ್ತಿ ನೀರುಪಾಲು. ನೋಟರಿ ಮಾಡಿದ ನಕಲು ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಡುತ್ತೇವೆ, ಮೂಲ ಪ್ರತಿ ಕೊಡುವ ರಿಸ್ಕ್ ಇಲ್ಲ ಎನ್ನುವ ಏಜೆನ್ಸಿಗಳೂ ಇವೆ. ಕೇಳಲು ಹಿತವಾದ ಮಾತು, ಆದರೆ ಕಂಪನಿ ಲಿಖಿತವಾಗಿ ಒಪ್ಪದ ಹೊರತು ಬೇಡ.

ಲ್ಯಾಮಿನೇಶನ್ ಇನ್ನೊಂದು ತಲೆನೋವು. ನಮ್ಮಲ್ಲಿ ಡಿಗ್ರಿ ಕೈಗೆ ಬಂದ ದಿನವೇ ಅಪ್ಪಂದಿರು ಅದನ್ನು ಲ್ಯಾಮಿನೇಟ್ ಮಾಡಿಸಿ, ಫ್ರೇಮು ಹಾಕಿಸಿ ದೇವರ ಮನೆ ಪಕ್ಕ ನೇತುಹಾಕುತ್ತಾರೆ. ಪ್ಲಾಸ್ಟಿಕ್ ಮೇಲೆ ಶಾಯಿ ನಿಲ್ಲುವುದಿಲ್ಲ, ಹಾಗಾಗಿ ಯಾವ ಕಚೇರಿಯೂ ಅದನ್ನು ಮುಟ್ಟುವುದಿಲ್ಲ. ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ, ಹೇರ್ ಡ್ರೈಯರ್ ಪ್ರಯೋಗ ಮಾಡಿದರೆ ಅಕ್ಷರವೂ ಪದರದ ಜತೆ ಎದ್ದು ಬರುತ್ತದೆ. ಲ್ಯಾಮಿನೇಶನ್ ಬಿಡಿಸುವುದರಲ್ಲೇ ಪಳಗಿದವರ ಹತ್ತಿರ ಕೊಡಿ. ಹಳೆಯ ಡಾಟ್ ಮ್ಯಾಟ್ರಿಕ್ಸ್ ಮುದ್ರಣವಾಗಿದ್ದರೆ ಅದನ್ನೂ ಮಾಡದೆ ವಿಶ್ವವಿದ್ಯಾಲಯದಲ್ಲಿ ಡೂಪ್ಲಿಕೇಟ್ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು ಒಳಿತು. ತಡವಾಗುತ್ತದೆ, ಆದರೆ ಮೂಲ ಪ್ರತಿ ಉಳಿಯುತ್ತದೆ.

ಹೆಸರಿನ ಸಮಸ್ಯೆ ಮಾತ್ರ ಯಾವ ಏಜೆನ್ಸಿಯ ಪ್ಯಾಕೇಜಿನಲ್ಲೂ ಇರುವುದಿಲ್ಲ. ಕರ್ನಾಟಕದವರನ್ನು ಅತಿ ಹೆಚ್ಚು ಕಾಡುವುದೂ ಇದೇ. ಅಂಕಪಟ್ಟಿಯಲ್ಲಿ 'ಮಂಜುನಾಥ ಕೆ. ಎಸ್.' ಎಂದಿರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಶಿಯಲ್ ಬಿಡಿಸಿ ಬರೆಯಬೇಕು ಎಂದು ಊರಿನ ಹೆಸರು, ಅಪ್ಪನ ಹೆಸರು ಸೇರಿ ಅದು ಮೂರು ಪದವಾಗಿರುತ್ತದೆ. ಅಥವಾ ಸರ್‌ನೇಮ್ ಕಾಲಂ ಖಾಲಿ ಬಿಟ್ಟು ಎಲ್ಲವನ್ನೂ ಗಿವನ್ ನೇಮ್‌ನಲ್ಲಿ ತುಂಬಿಸಿರುತ್ತಾರೆ. ಇಲ್ಲಿನ ಮುದ್ರೆಗಳೆಲ್ಲ ಸಲೀಸಾಗಿ ಬೀಳುತ್ತವೆ, ಏಕೆಂದರೆ ಇಲ್ಲಿ ಯಾರೂ ಪಾಸ್‌ಪೋರ್ಟ್‌ಗೂ ಡಿಗ್ರಿಗೂ ಅಕ್ಷರಕ್ಕಕ್ಷರ ತಾಳೆ ಹಾಕಿ ನೋಡುವುದಿಲ್ಲ. ಸಿಕ್ಕಿಬೀಳುವುದು ಅಲ್ಲಿ, ವರ್ಕ್ ಪರ್ಮಿಟ್ ಅರ್ಜಿಯಲ್ಲಿ. ಇನಿಶಿಯಲ್ ಬಿಡಿಸಿದ್ದಷ್ಟೇ ವ್ಯತ್ಯಾಸವಾದರೆ 'ಇಬ್ಬರೂ ಒಬ್ಬರೇ' ಎಂಬ ನೋಟರಿ ಅಫಿಡವಿಟ್ ಮಾಡಿಸಿ ಪಿಆರ್‌ಒಗೆ ಮುಂಚೆಯೇ ಕಳಿಸಿ, ಇದು ನಡೆಯುತ್ತದೆಯೇ ಎಂದು ಕೇಳಿಕೊಳ್ಳಿ. ಅದಕ್ಕೂ ಮುದ್ರೆ ಬೇಕು ಎಂದರೆ ಡಿಗ್ರಿಯ ಜತೆಗೇ ಕಳಿಸಬಹುದು, ಎರಡನೇ ಸುತ್ತಿನ ಖರ್ಚು ಉಳಿಯುತ್ತದೆ. ಹೆಸರೇ ಬೇರೆಯಾಗಿದ್ದರೆ, ಮದುವೆಯಾದ ಮೇಲೆ ಬದಲಾಯಿಸಿಕೊಂಡವರಂತೆ, ಮದುವೆ ನೋಂದಣಿ ಪತ್ರವೂ ಜತೆಗಿರಬೇಕು.

ಒಂಟಿ ಹೆಸರಿನ ಪಾಸ್‌ಪೋರ್ಟ್ ಬಗ್ಗೆ ಇನ್ನೊಂದು ಮಾತು. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವವರಿಗೆ ವಿಸಿಟ್ ವೀಸಾದ ಮೇಲೆ ಪ್ರವೇಶ ಕೊಡುವುದಿಲ್ಲ ಎಂದಿತು. ಎರಡನೇ ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ದರೆ ಒಪ್ಪುತ್ತೇವೆ ಎಂದು ಆಮೇಲೆ ಸಡಿಲಿಸಿತು. ಯುಎಇ ನಿವಾಸ ಪರವಾನಗಿ ಇದ್ದವರಿಗೆ ಈ ತಡೆ ಇರಲಿಲ್ಲ. ಆದರೆ ಎಷ್ಟೋ ಕಂಪನಿಗಳು ಮೊದಲು ವಿಸಿಟ್ ವೀಸಾದಲ್ಲಿ ಕರೆಸಿಕೊಂಡು ಅಲ್ಲೇ ಬದಲಾಯಿಸುತ್ತವೆ. ಸರ್‌ನೇಮ್ ಖಾಲಿ ಇರುವವರು ಮುದ್ರೆಗೆ ಓಡುವ ಮೊದಲು ಪಾಸ್‌ಪೋರ್ಟ್ ಸರಿಮಾಡಿಸಿಕೊಳ್ಳುವುದು ಜಾಣತನ.

ವಿಶ್ವವಿದ್ಯಾಲಯದ್ದು ಮುಗಿದರೆ ಉನ್ನತ ಶಿಕ್ಷಣ ಇಲಾಖೆ, ಬೆಂಗಳೂರಿನ ಎಂ.ಎಸ್. ಬಿಲ್ಡಿಂಗ್. ಇಲ್ಲಿ ಕಾಗದ ನಿಲ್ಲಲು ಇರುವ ಮಾಮೂಲಿ ಕಾರಣ ಒಂದೇ: ವಿಶ್ವವಿದ್ಯಾಲಯದಲ್ಲಿ ಸಹಿ ಹಾಕುವ ಅಧಿಕಾರಿ ಬದಲಾಗಿ, ಹೊಸಬರ ಮಾದರಿ ಸಹಿ ಇಲಾಖೆಗೆ ಇನ್ನೂ ಬಂದಿಲ್ಲ. ಆಗ ಏಜೆನ್ಸಿಯಾದರೂ ಅಷ್ಟೇ, ನೀವಾದರೂ ಅಷ್ಟೇ, ಕಾಯಬೇಕು. ಈ ಹಂತಕ್ಕೆ ಏಜೆನ್ಸಿಗೆ ಐದಕ್ಕೆ ಮೂರು. ಬೆಂಗಳೂರಿನಲ್ಲೇ ಇರುವವರಿಗೆ ಎರಡು.

ಇಲ್ಲೇ ಬರುತ್ತದೆ 'ಎಸ್‌ಡಿಎಂ ಪ್ಯಾಕೇಜ್'. ವಿಶ್ವವಿದ್ಯಾಲಯವನ್ನೂ ರಾಜ್ಯದ ಇಲಾಖೆಯನ್ನೂ ಹಾರಿ, ದೆಹಲಿಯ ಉಪವಿಭಾಗಾಧಿಕಾರಿಯ ಮುದ್ರೆ ಹಾಕಿಸಿ ಸೀದಾ ಎಂಇಎಗೆ ಕೊಡುವ ಒಳದಾರಿ. ಅಗ್ಗ, ಬೇಗ. 'ಹತ್ತೇ ದಿನ' ಎಂಬ ಜಾಹೀರಾತಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ತೊಂದರೆ ಏನೆಂದರೆ ಮೂಲದಲ್ಲಿ ಪದವಿಯನ್ನು ಪರಿಶೀಲಿಸಿದವರು ಯಾರೂ ಇಲ್ಲ. ಕಂಪನಿಯ ಪಿಆರ್‌ಒ 'ರಾಜ್ಯ ಶಿಕ್ಷಣ ಇಲಾಖೆಯ ಮುದ್ರೆ ಎಲ್ಲಿ' ಎಂದು ಕೇಳಿದರೆ ಮೊದಲಿನಿಂದ ಶುರುಮಾಡಬೇಕು, ಎಂಇಎ, ಎಂಬಸಿ ಮುದ್ರೆಗೆ ಮತ್ತೆ ದುಡ್ಡು ಕಟ್ಟಬೇಕು. ಏಜೆನ್ಸಿ ಹೇಳುವ ದರ ಉಳಿದವರಿಗಿಂತ ತೀರಾ ಕಡಿಮೆಯಿದ್ದರೆ 'ಹೆಚ್‌ಆರ್‌ಡಿನಾ, ಎಸ್‌ಡಿಎಂನಾ' ಎಂದು ನೇರವಾಗಿ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಕಂಪನಿ ಇಮೇಲ್‌ನಲ್ಲಿ ಒಪ್ಪಿದ್ದರೆ ಮಾತ್ರ ಈ ದಾರಿ.

ಎಂಇಎ ಹಂತ ಇಡೀ ಸರಪಳಿಯಲ್ಲೇ ಅಚ್ಚುಕಟ್ಟಾದದ್ದು. 2012ರಿಂದ ಸಚಿವಾಲಯ ಸಾರ್ವಜನಿಕರಿಂದ ಕಾಗದ ತಗೊಳ್ಳುವ ಕೆಲಸವನ್ನು ಹೊರಗಿನ ಸಂಸ್ಥೆಗಳಿಗೆ ವಹಿಸಿದೆ, ಕೌಂಟರಿಗೆ ನೀವೇ ಹೋಗಲು ಆಗುವುದಿಲ್ಲ. 2019ರಿಂದ ದೆಹಲಿಯ ಆಚೆಗೂ, ಬೆಂಗಳೂರು ಸೇರಿ ಹಲವು ಊರುಗಳಲ್ಲಿ ಈ ಸೇವೆ ಸಿಗುತ್ತದೆ. ಸರ್ಕಾರಿ ಶುಲ್ಕ ಅಪೊಸ್ಟಿಲ್‌ಗೆ 50 ರೂಪಾಯಿ, ಸಾಮಾನ್ಯ ಅಟೆಸ್ಟೇಶನ್‌ಗೆ ಏನೂ ಇಲ್ಲ. ಮೇಲೆ ಸಂಗ್ರಹ ಸಂಸ್ಥೆಯ ಸಣ್ಣ ಸೇವಾ ಶುಲ್ಕ. ಬಿಲ್ಲಿನಲ್ಲಿ 'ಎಂಇಎ ಗವರ್ನಮೆಂಟ್ ಫೀ' ಎಂದು ಸಾವಿರಗಟ್ಟಲೆ ಬರೆದಿದ್ದರೆ ಆ ಸಾಲಿಗೆ ಬೆರಳಿಟ್ಟು ಕೇಳಿ. ನೆನಪಿಡಬೇಕಾದ್ದು, ಬೀದಿಯ ಮೂಲೆಯ ಏಜೆನ್ಸಿ ಆ ಅಧಿಕೃತ ಸಂಸ್ಥೆಯಲ್ಲ. ಅದು ನಿಮ್ಮಿಂದ ತಗೊಂಡು ಅಧಿಕೃತರಿಗೆ ಕೊಡುವ ಮಧ್ಯವರ್ತಿ. ಅಧಿಕೃತರ ಪಟ್ಟಿ ಎಂಇಎ ಜಾಲತಾಣದಲ್ಲಿದೆ. ರಾಜ್ಯದ ಮುದ್ರೆಯವರೆಗೆ ನೀವೇ ಮಾಡಿಸಿದ್ದರೆ ಆ ಪಟ್ಟಿಯವರಿಗೇ ಸೀದಾ ಕೊಟ್ಟು ಒಬ್ಬ ಮಧ್ಯವರ್ತಿಯನ್ನು ಕಳಚಬಹುದು.

ಯುಎಇ ರಾಯಭಾರ ಕಚೇರಿ ದೆಹಲಿಯಲ್ಲಿದೆ, ಮುಂಬೈ, ತಿರುವನಂತಪುರ ಮತ್ತು ಹೈದರಾಬಾದ್‌ನಲ್ಲಿ ಕಾನ್ಸುಲೇಟ್‌ಗಳಿವೆ. ಬೆಂಗಳೂರಿನವರು ಇದೊಂದು ಮುದ್ರೆಗಾಗಿ ರೈಲು ಹತ್ತುವುದರಲ್ಲಿ ಅರ್ಥವಿಲ್ಲ. ಏಜೆನ್ಸಿ ಪಡೆಯುವ ಕಮಿಷನ್ ನಿಜವಾಗಿ ದುಡಿದು ಪಡೆದದ್ದು ಇಲ್ಲಿ, ಐದಕ್ಕೆ ನಾಲ್ಕು. ಆದರೆ ಎಂಬಸಿ ಶುಲ್ಕದ ರಸೀದಿಯನ್ನು ತಪ್ಪದೆ ಕೇಳಿ ಪಡೆಯಿರಿ. ನಕಲಿ ಎಂಬಸಿ ಮುದ್ರೆಗಳು ಈ ಧಂದೆಯಲ್ಲಿ ಹೊಸದಲ್ಲ. ಅದು ಬಯಲಾಗುವುದು ಮೋಫಾದಲ್ಲಿ, ಆಗ ಉತ್ತರ ಕೊಡಬೇಕಾದವರು ಕಾಗದದ ಯಜಮಾನರು.

ಮೋಫಾ ಮುದ್ರೆಯ ಅಧಿಕೃತ ಶುಲ್ಕ 150 ದಿರ್ಹಂ. ದಿರ್ಹಂ ಒಂದಕ್ಕೆ 23-24 ರೂಪಾಯಿ ಲೆಕ್ಕ ಹಿಡಿದರೆ ಮೂರೂವರೆ ಸಾವಿರದ ಆಸುಪಾಸು. ಅರ್ಜಿ ಆನ್‌ಲೈನ್, ಕೊರಿಯರ್‌ನವರು ಬಂದು ಕಾಗದ ಒಯ್ದು ತಂದುಕೊಡುತ್ತಾರೆ, ಅದರ ಶುಲ್ಕ ಬೇರೆ. ಕಂಪನಿಯ ಪಿಆರ್‌ಒ ದಿನನಿತ್ಯ ಮಾಡುವ ಕೆಲಸ ಇದು. ಇಲ್ಲಿನ ಏಜೆನ್ಸಿ ಇದನ್ನೂ ಪ್ಯಾಕೇಜಿಗೆ ಸೇರಿಸಿದಾಗ ಆಗುವುದೇನೆಂದರೆ, ಮೂಲ ಡಿಗ್ರಿ ಕೊರಿಯರ್‌ನಲ್ಲಿ ದುಬೈಗೆ ಹೋಗಿ ಮತ್ತೆ ಬೆಂಗಳೂರಿಗೆ ಬಂದು, ನಿಮ್ಮ ಸೂಟ್‌ಕೇಸಿನಲ್ಲಿ ಮೂರನೇ ಸಲ ಸಮುದ್ರ ದಾಟುತ್ತದೆ. ವೀಸಾಕ್ಕೆ ಮೊದಲೇ ಬೇಕು ಎಂದು ಕಂಪನಿ ಹೇಳಿದ್ದರೆ ಸರಿ. ಇಲ್ಲವಾದರೆ ಈ ಸಾಲನ್ನು ಹೊಡೆದು ಹಾಕಿಸಿ.

ಇಷ್ಟೆಲ್ಲ ಕಷ್ಟ ಅಗತ್ಯವೇ? ಯುಎಇಯ ಮಾನವ ಸಂಪನ್ಮೂಲ ಸಚಿವಾಲಯ ಉದ್ಯೋಗಗಳನ್ನು ಕೌಶಲದ ಮಟ್ಟದ ಪ್ರಕಾರ ವಿಂಗಡಿಸುತ್ತದೆ. ಮೇಲಿನ ಎರಡು ಮಟ್ಟಗಳಾದ ಮ್ಯಾನೇಜರ್ ಮತ್ತು ವೃತ್ತಿಪರ ಹುದ್ದೆಗಳಿಗೆ ದೃಢೀಕರಿಸಿದ ಪದವಿ ಬೇಕು. ಅದಿಲ್ಲದಿದ್ದರೆ ಕಂಪನಿ ಬೇಗ ಮುಗಿಸಲು ಕೆಳಗಿನ ಯಾವುದೋ ಹುದ್ದೆಯ ಹೆಸರಲ್ಲಿ ಪರ್ಮಿಟ್ ತೆಗೆದು 'ಆಮೇಲೆ ಬದಲಾಯಿಸೋಣ' ಎನ್ನಬಹುದು. ಆ 'ಆಮೇಲೆ' ಬರುವುದು ನಿಧಾನ. ಫ್ರೀ ಜೋನ್‌ಗಳ, ಅಂದರೆ ತಮ್ಮದೇ ಕಾನೂನು ವ್ಯವಸ್ಥೆಯಿರುವ ವ್ಯಾಪಾರ ವಲಯಗಳ, ನಿಯಮ ಒಂದೊಂದರಲ್ಲಿ ಒಂದೊಂದು ರೀತಿ, ಕೇಳಿಯೇ ತಿಳಿಯಬೇಕು. ಖರ್ಚು ಯಾರದು ಎಂಬುದನ್ನೂ ಆಫರ್ ಹಂತದಲ್ಲೇ ಇತ್ಯರ್ಥ ಮಾಡಿಕೊಳ್ಳಿ. 2021ರ 33ನೇ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿಯ ವೆಚ್ಚವನ್ನು ನೌಕರನಿಂದ ವಸೂಲಿ ಮಾಡುವಂತಿಲ್ಲ. ಅಟೆಸ್ಟೇಶನ್ ಖರ್ಚನ್ನು ಮಾತ್ರ ಕಂಪನಿಗಳು ಸಾಮಾನ್ಯವಾಗಿ ಅಭ್ಯರ್ಥಿಯ ತಲೆಗೇ ಕಟ್ಟುತ್ತವೆ. ರಸೀದಿ ಕೊಟ್ಟರೆ ಮರುಪಾವತಿ ಮಾಡುತ್ತೀರಾ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ನರ್ಸ್, ವೈದ್ಯ, ಫಿಸಿಯೋಥೆರಪಿಸ್ಟ್‌ಗಳ ದಾರಿ ಬೇರೆ. ಡಿಹೆಚ್‌ಎ (ದುಬೈ), ಡಿಒಹೆಚ್ (ಅಬುಧಾಬಿ), ಮೊಹಾಪ್ (ಯುಎಇ ಆರೋಗ್ಯ ಸಚಿವಾಲಯ) ಎಂಬ ಆರೋಗ್ಯ ಪ್ರಾಧಿಕಾರಗಳ ಲೈಸೆನ್ಸಿಗೆ ಡೇಟಾಫ್ಲೋ ಎಂಬ ಸಂಸ್ಥೆಯ ಪರಿಶೀಲನೆ ಬೇಕು. ಅದು ಸ್ಕ್ಯಾನ್ ಪ್ರತಿ ತಗೊಂಡು ವಿಶ್ವವಿದ್ಯಾಲಯ, ಕೌನ್ಸಿಲ್, ಹಳೆಯ ಆಸ್ಪತ್ರೆ ಎಲ್ಲರನ್ನೂ ತಾನೇ ನೇರವಾಗಿ ಕೇಳುತ್ತದೆ, ಅದಕ್ಕೆ ಕಾಗದದ ಹಿಂದೆ ಮುದ್ರೆ ಬೇಕಿಲ್ಲ. ಎರಡನ್ನೂ ಒಟ್ಟಿಗೆ ಮಾಡಿಸಿ ಎನ್ನುವ ಏಜೆನ್ಸಿಯ ಮಾತಿಗೆ ಆತುರಪಡದೆ ಮೊದಲು ಪರೀಕ್ಷೆ, ಲೈಸೆನ್ಸ್ ಅರ್ಹತೆ ಮುಗಿಸಿ. ಕೆಲಸ ಸಿಕ್ಕ ಮೇಲೆ ಅಟೆಸ್ಟೇಶನ್.

ಕುಟುಂಬವನ್ನು ಕರೆಸಿಕೊಳ್ಳುವ ಯೋಚನೆಯಿದ್ದರೆ ಮದುವೆ ಪ್ರಮಾಣಪತ್ರ, ಮಕ್ಕಳ ಜನನ ಪತ್ರಗಳನ್ನೂ ಇದೇ ಸುತ್ತಿನಲ್ಲಿ ಸೇರಿಸಿ. ಸ್ಪಾನ್ಸರ್ ಮಾಡಲು ತಿಂಗಳಿಗೆ 4000 ದಿರ್ಹಂ ಸಂಬಳ, ಅಥವಾ 3000 ದಿರ್ಹಂ ಜತೆಗೆ ಕಂಪನಿ ಕೊಟ್ಟ ವಸತಿ ಇರಬೇಕು. ಇವು ಶಿಕ್ಷಣದ ಕಾಗದಗಳಲ್ಲವಾದ್ದರಿಂದ ರಾಜ್ಯದ ಹಂತದಲ್ಲಿ ಉನ್ನತ ಶಿಕ್ಷಣ ಇಲಾಖೆಗೆ ಹೋಗುವುದಿಲ್ಲ, ಗೃಹ ಇಲಾಖೆಯ ದಾರಿ ಹಿಡಿಯುತ್ತವೆ. ದೇವಸ್ಥಾನದ ರಸೀದಿ, ಛತ್ರದ ಪತ್ರ ಇಲ್ಲಿ ನಡೆಯುವುದಿಲ್ಲ. ಉಪನೋಂದಣಾಧಿಕಾರಿ ಕೊಟ್ಟ ಪ್ರಮಾಣಪತ್ರವೇ ಬೇಕು, ಈಗ ಕಾವೇರಿ 2 ಜಾಲತಾಣದ ಮೂಲಕ ನೋಂದಣಿ ಸುಲಭ. ಕೈಬರಹದಲ್ಲಿ ಬರೀ ಕನ್ನಡದಲ್ಲಿರುವ ಹಳೆಯ ಜನನ ಪತ್ರವಿದ್ದರೆ ಇಂಗ್ಲಿಷೂ ಇರುವ ಹೊಸ ಪ್ರತಿ ತೆಗೆಸಿಕೊಂಡು ಅದಕ್ಕೆ ಮುದ್ರೆ ಹಾಕಿಸಿ. ಅಲ್ಲಿ ಮದುವೆ ಪತ್ರಕ್ಕೆ ಅರಬ್ಬಿ ಅನುವಾದವನ್ನೂ ಕೇಳುತ್ತಾರೆ. ಅದನ್ನು ಯುಎಇ ನ್ಯಾಯ ಸಚಿವಾಲಯದ ಪರವಾನಗಿ ಇರುವ ಅನುವಾದಕರಿಂದ ಅಲ್ಲೇ ಮಾಡಿಸಬೇಕು. ಬೆಂಗಳೂರಿನಲ್ಲಿ ಮಾಡಿಸಿದ ಅನುವಾದಕ್ಕೆ ಕೊಟ್ಟ ದುಡ್ಡು ದಂಡ.

ಏಜೆನ್ಸಿಗೇ ಕೊಡುವುದಾದರೆ: ಡಿಗ್ರಿಯ ಎರಡೂ ಬದಿಯನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಯಾವ ಯಾವ ಮೂಲ ಪತ್ರ ಕೊಟ್ಟಿರಿ ಎಂಬ ಪಟ್ಟಿಗೆ ಅವರ ಸಹಿ, ಸೀಲು ಇರಲಿ. ಅರ್ಧಕ್ಕಿಂತ ಹೆಚ್ಚು ಮುಂಗಡ ಬೇಡ. ಪ್ರತಿ ಮುದ್ರೆ ಬಿದ್ದಾಗ ಹಿಂಬದಿಯ ಫೋಟೊ ವಾಟ್ಸ್‌ಆಪ್‌ಗೆ ಬರಬೇಕು, ಮುಂದಿನ ಕಂತು ಆಮೇಲೆ. ಇದಕ್ಕೆ ಒಪ್ಪುವವರು ಇದ್ದಾರೆ. ಒಪ್ಪದವರು 'ಸಾರ್, ನಮ್ಮ ಮೇಲೆ ನಂಬಿಕೆ ಇಲ್ವಾ' ಎನ್ನುತ್ತಾರೆ.

ಕಾಗದ ಕೈಗೆ ಬಂದ ಮೇಲೆ ನಾಲ್ಕೂ ಮುದ್ರೆಯ ತಾರೀಖು ಮುಂದಕ್ಕೆ ಮುಂದಕ್ಕೇ ಹೋಗಿದೆಯೇ, ಎಂಇಎ ಮುದ್ರೆಯ ಸಂಖ್ಯೆ ಸ್ಪಷ್ಟವಾಗಿ ಓದಲು ಬರುತ್ತದೆಯೇ ಎಂದು ಅಂಗಡಿಯಲ್ಲೇ ನಿಂತು ನೋಡಿ. ಮಡಚದೆ, ಗಟ್ಟಿ ರಟ್ಟಿನ ಫೈಲಿನಲ್ಲಿಟ್ಟು ಕ್ಯಾಬಿನ್ ಬ್ಯಾಗಿನಲ್ಲೇ ಒಯ್ಯಿರಿ. ಮತ್ತೆ ಲ್ಯಾಮಿನೇಶನ್ ಮಾಡಿಸಬೇಡಿ. ಮೋಫಾ ಸ್ಟಿಕರಿಗೆ ಇನ್ನೂ ಜಾಗ ಬೇಕು, ನಾಳೆ ದೋಹಾಕ್ಕೋ ಕುವೈತ್‌ಗೋ ಕೆಲಸ ಬದಲಾದರೆ ಆ ದೇಶದ ಎಂಬಸಿಯೂ ಅದೇ ಹಾಳೆಯ ಹಿಂಬದಿಯಲ್ಲಿ ಜಾಗ ಹುಡುಕುತ್ತದೆ.